ಚೆಂಡು ಯಾರ ಕೈಗೆ?

ಪ್ರತಿ ವರ್ಷ ಅಕ್ಟೋಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ವ್ರತ ಆರಂಭವಾಗುತ್ತದೆ. ಶ್ರೀಮತಿಯವರು ದೀಪಾವಳಿಯ ಎಣ್ಣೆ, ಬೆಲ್ಲಗಳ ಪಟ್ಟಿ ಮಾಡುತ್ತಿರುವಾಗ ನಾನು ಹಳೆಯ ಡೈರಿಯ ಖಾಲಿ ಹಾಳೆಯೊಂದನ್ನು ಹರಿದುಕೊಂಡು, ಒಂದರಿಂದ ಒಂಬತ್ತರವರೆಗೆ ಅಂಕಿಗಳನ್ನು ಬರೆದು, ಅವುಗಳ ಮುಂದೆ ಅಮೆರಿಕದ ಬೇಸ್‌ಬಾಲ್ ಆಟಗಾರರ ಹೆಸರುಗಳನ್ನು ತುಂಬತೊಡಗುತ್ತೇನೆ. ಹಾಳೆಯ ಕೆಳಭಾಗದಲ್ಲಿ ಮತ್ತೆ ಏಳು ಗೆರೆಗಳು. ಏಳು ಪಂದ್ಯಗಳಲ್ಲಿ ಮೊದಲ ಚೆಂಡನ್ನು ಎಸೆಯಬೇಕಾದವರ ಹೆಸರಿಗೆ ಮೀಸಲು. ಅತ್ತ ಬಾಸ್ಟನ್ ಬಳಿಯ ತನ್ನ ಕೋಣೆಯಲ್ಲಿ ನನ್ನ ಮೊಮ್ಮಗನೂ ಇಂಥದೇ ಒಂದು ಹಾಳೆ ಬರೆಯುತ್ತಾನೆ. ವರ್ಲ್ಡ್ ಸೀರೀಸ್ ಆರಂಭವಾಗುವ ಮುನ್ನಾದಿನ ಇಬ್ಬರೂ ಫೋನಿನಲ್ಲಿ ಹಾಳೆಗಳ ಚಿತ್ರವನ್ನು ಅದಲು ಬದಲು ಮಾಡಿಕೊಳ್ಳುತ್ತೇವೆ. ಆಮೇಲೆ ಒಂದು ಗಂಟೆ ವಾಗ್ಯುದ್ಧ.

"ಎಂಬತ್ತು ದಾಟಿದ ಮೇಲೆ ಜನ ರಾಮಕೋಟಿ ಬರೆಯುತ್ತಾರೆ, ನೀವು ನೋಡಿದರೆ ಇದನ್ನು ಬರೆಯುತ್ತೀರಿ" ಎಂದು ಶ್ರೀಮತಿಯವರು ಆಕ್ಷೇಪಿಸುವುದುಂಟು. ಅವರ ಮಾತಿನಲ್ಲಿ ಹುರುಳಿದೆ. ಆದರೆ ನನ್ನನ್ನು ಈ ಗೀಳಿಗೆ ಹಚ್ಚಿದ ಪ್ರಯಾಣಕ್ಕೆ ಕಾರಣ ಅವರೇ ಎಂಬುದನ್ನು ಅವರು ಮರೆಯುತ್ತಾರೆ. 2003ರಲ್ಲಿ ಮಗಳ ಬಾಣಂತನಕ್ಕೆಂದು ಆಕೆ ಬಾಸ್ಟನ್‌ಗೆ ಹೊರಟಾಗ, ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ ನಾನು ಸಾಮಾನು ಹೊರುವವನಂತೆ ಜೊತೆಗೆ ಹೋದೆ. ಕೂಸಿಗೆ ಹಗಲು ರಾತ್ರಿಗಳ ಭೇದವಿರಲಿಲ್ಲ. ರಾತ್ರಿಯ ಸರದಿ ನನ್ನದಾಯಿತು. ಅಕ್ಟೋಬರ್ 16ರ ರಾತ್ರಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಳಿಯಂದಿರ ಪಕ್ಕ ಕುಳಿತು, ಏನೂ ಅರ್ಥವಾಗದೆ ಒಂದು ಪಂದ್ಯ ನೋಡಿದೆ. ಆಟ ಅರ್ಥವಾಗಲಿಲ್ಲ. ಆದರೆ ಮೈದಾನದ ನಡುವಣ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದ ಒಬ್ಬ ದಣಿದ ಮನುಷ್ಯ, ಅವನ ಮುಂದೆ ನಿಂತು ಏನನ್ನೋ ಕೇಳುತ್ತಿದ್ದ ಹಿರಿಯ, ಇಬ್ಬರೂ ನನಗೆ ಅತಿ ಪರಿಚಿತರಂತೆ ಕಂಡರು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕ್ರಿಕೆಟ್ ಬಲ್ಲ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಆಟವನ್ನು ವಿವರಿಸುವುದು ಕಷ್ಟವಲ್ಲ. ಒಂಬತ್ತು ಇನಿಂಗ್ಸ್, ಪ್ರತಿಯೊಂದರಲ್ಲೂ ಎರಡೂ ತಂಡಗಳಿಗೆ ಮೂರು ಮೂರು ಔಟ್‌ಗಳ ಸರದಿ. ಬ್ಯಾಟಿಂಗಿಗೆ ಒಂಬತ್ತು ಜನ, ಅವರ ಕ್ರಮವನ್ನು ಪಂದ್ಯಕ್ಕೆ ಮೊದಲೇ ಬರೆದುಕೊಡಬೇಕು. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನು. ಒಮ್ಮೆ ಹೊರಗೆ ಕಳುಹಿಸಿದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಓವರ್ ಮುಗಿಯಿತೆಂದು ಚೆಂಡು ಇನ್ನೊಬ್ಬನ ಕೈಗೆ ಹೋಗುವ ಪದ್ಧತಿ ಇಲ್ಲಿಲ್ಲ. ಪಿಚರ್ ಎಂದು ಕರೆಯುವ ಎಸೆತಗಾರ ತನ್ನನ್ನು ತೆಗೆಯುವವರೆಗೂ ಒಬ್ಬನೇ ಎಸೆಯುತ್ತಿರಬೇಕು. ನೂರು ಎಸೆತಗಳ ಸುಮಾರಿಗೆ ತೋಳು ಸೋಲುತ್ತದೆ. ಆಮೇಲೆ ನಾಲ್ಕೈದು ದಿನಗಳ ವಿಶ್ರಾಂತಿ ಬೇಕು. ಅವನನ್ನು ಯಾವಾಗ ತೆಗೆಯಬೇಕು, ಬದಲಿಗೆ ಯಾರನ್ನು ಕರೆಯಬೇಕು ಎಂಬುದನ್ನು ನಿರ್ಧರಿಸುವವನು ಮೈದಾನದ ಅಂಚಿನಲ್ಲಿರುವ ಮ್ಯಾನೇಜರ್.

ಇನ್ನೊಂದು ಸೂಕ್ಷ್ಮವಿದೆ. ಒಬ್ಬನೇ ಪಿಚರನನ್ನು ಬ್ಯಾಟರುಗಳು ಮೊದಲ ಸಲ ಎದುರಿಸುವಾಗ ತಡವರಿಸುತ್ತಾರೆ, ಎರಡನೆಯ ಸಲ ಸ್ವಲ್ಪ ಅರಿಯುತ್ತಾರೆ, ಮೂರನೆಯ ಸಲ ಬಾರಿಸುತ್ತಾರೆ. ಇದು ಶಿಕ್ಷಕರಿಗೆ ಅರ್ಥವಾಗದ ವಿಷಯವೇನಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ನನ್ನ ಪ್ರಶ್ನೆಪತ್ರಿಕೆ ಕಂಡು ಬೆವರಿದ ನೀವೇ, ಮೂರನೆಯ ಪರೀಕ್ಷೆಯ ವೇಳೆಗೆ ಮೇಷ್ಟ್ರು ಯಾವ ಪ್ರಮೇಯ ಕೇಳುತ್ತಾರೆಂದು ಬಾಜಿ ಕಟ್ಟುತ್ತಿರಲಿಲ್ಲವೇ?

ಈಗ ವಿಷಯಕ್ಕೆ ಬರುತ್ತೇನೆ. ಇಪ್ಪತ್ತು ವರ್ಷಗಳಿಗೂ ಮೀರಿ ಈ ಹಾಳೆಗಳನ್ನು ಬರೆದ ಮೇಲೆ ನನಗೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಚಾಂಪಿಯನ್‌ಶಿಪ್ ಸರಣಿಯ ಮುನ್ನಾದಿನ ಎಲ್ಲರೂ ಮೊದಲು ಬರೆಯುವುದು ಅತ್ಯುತ್ತಮನ ಹೆಸರನ್ನು. ಅದಕ್ಕೆ ಬುದ್ಧಿ ಬೇಕಾಗಿಲ್ಲ. ಅವನು ಯಾರೆಂದು ಎಲ್ಲರಿಗೂ ಗೊತ್ತು. ಮೊದಲು ಬರೆಯಬೇಕಾದದ್ದು, ಅವನು ದಣಿದಾಗ ಚೆಂಡು ಯಾರ ಕೈಗೆ ಹೋಗಬೇಕು ಎಂಬುದನ್ನು. ಆ ಎರಡನೆಯ ಹೆಸರನ್ನು ಶಾಂತ ಮನಸ್ಸಿನಿಂದ ಮುಂಚೆಯೇ ಬರೆದಿಟ್ಟುಕೊಳ್ಳದವನು, ಗದ್ದಲದ ನಡುವೆ ನಿಂತಾಗ ಮೊದಲನೆಯವನನ್ನೇ ಹಿಂಡುತ್ತಾನೆ.

ನಾನು ನೋಡಿದ ಆ ಮೊದಲ ಪಂದ್ಯವನ್ನೇ ತೆಗೆದುಕೊಳ್ಳಿ. ಬಾಸ್ಟನ್ ರೆಡ್ ಸಾಕ್ಸ್ ತಂಡ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಏಳನೆಯ, ನಿರ್ಣಾಯಕ ಪಂದ್ಯದಲ್ಲಿತ್ತು. ಗೆದ್ದವರಿಗೆ ವರ್ಲ್ಡ್ ಸೀರೀಸ್ ಪ್ರವೇಶ. ಎಂಟನೆಯ ಇನಿಂಗ್ಸ್‌ನಲ್ಲಿ ಬಾಸ್ಟನ್ 5-2ರಿಂದ ಮುಂದಿತ್ತು. ದಿಬ್ಬದ ಮೇಲೆ ಪೆಡ್ರೊ ಮಾರ್ಟಿನೆಜ್, ಆ ಕಾಲದ ಮಹಾ ಪಿಚರ್. ಏಳು ಇನಿಂಗ್ಸ್‌ಗಳಲ್ಲಿ ನೂರು ಎಸೆತ ಮುಗಿಸಿದ್ದ. ಎರಡು ಹೊಡೆತಗಳು ಬಿದ್ದು ಅಂತರ ಎರಡಕ್ಕೆ ಇಳಿದಾಗ ಮ್ಯಾನೇಜರ್ ಗ್ರೇಡಿ ಲಿಟಲ್ ನಿಧಾನವಾಗಿ ನಡೆದು ಬಂದು, ಇನ್ನೂ ಶಕ್ತಿ ಉಳಿದಿದೆಯೇ ಎಂದು ವಿಚಾರಿಸಿದ. ಪೆಡ್ರೊ ಉಳಿದಿದೆ ಎಂದ. ಲಿಟಲ್ ಒಬ್ಬನೇ ಹಿಂತಿರುಗಿದ. ನನ್ನ ಪಕ್ಕದಲ್ಲಿದ್ದ ಅಳಿಯಂದಿರು ತಲೆಯ ಮೇಲೆ ಕೈಹೊತ್ತರು. ಮತ್ತೆರಡು ಹೊಡೆತ, ಪಂದ್ಯ ಸಮ. ಪೆಡ್ರೊ 123 ಎಸೆತ ಮುಗಿಸಿ ಹೊರನಡೆದ. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಎಂಬಾತ ಹೋಮ್ ರನ್ ಹೊಡೆದು ಮುಗಿಸಿದ. ಲಿಟಲ್‌ನ ಗುತ್ತಿಗೆಯನ್ನು ತಂಡ ನವೀಕರಿಸಲಿಲ್ಲ.

ವಿಪರ್ಯಾಸವೆಂದರೆ ಬಾಸ್ಟನ್‌ನ ಬದಲಿ ಪಿಚರುಗಳು ಆ ಅಕ್ಟೋಬರ್‌ನಲ್ಲಿ ಚೆನ್ನಾಗಿಯೇ ಎಸೆಯುತ್ತಿದ್ದರು. ಬುಲ್‌ಪೆನ್ ಎಂದು ಕರೆಯುವ ಅವರ ಬೇಲಿಯಿಂದ ಎದ್ದು ಬರಲು ಸಿದ್ಧರಿದ್ದರು. ಎರಡನೆಯ ಹೆಸರು ಇತ್ತು, ಅದನ್ನು ನಂಬುವ ಧೈರ್ಯ ಇರಲಿಲ್ಲ.

ಇದಕ್ಕೆ ನೇರ ವಿರುದ್ಧವಾದದ್ದು 2020ರಲ್ಲಿ ನಡೆಯಿತು. ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಸೋತರೆ ಟ್ಯಾಂಪಾ ಬೇ ರೇಸ್ ತಂಡದ ಕಥೆ ಮುಗಿಯುತ್ತಿತ್ತು. ಅವರ ಪಿಚರ್ ಬ್ಲೇಕ್ ಸ್ನೆಲ್ ಅಂದು ಅಸಾಧ್ಯವಾಗಿ ಎಸೆಯುತ್ತಿದ್ದ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೊದಲ ಮೂವರು ಬ್ಯಾಟರುಗಳು ಅವನೆದುರು ಆರು ಸಲ ಬಂದು ಆರು ಸಲವೂ ಸ್ಟ್ರೈಕ್ ಔಟ್ ಆಗಿದ್ದರು. 1-0 ಮುನ್ನಡೆ, ಕೇವಲ 73 ಎಸೆತ. ಆರನೆಯ ಇನಿಂಗ್ಸ್‌ನಲ್ಲಿ ಒಂದು ಸಣ್ಣ ಹೊಡೆತ ಬಿದ್ದದ್ದೇ ತಡ, ಮ್ಯಾನೇಜರ್ ಕೆವಿನ್ ಕ್ಯಾಶ್ ಅವನನ್ನು ತೆಗೆದುಬಿಟ್ಟ. ಆ ಮೂವರು ಮೂರನೆಯ ಸಲ ಬರಲಿದ್ದರು, ಲೆಕ್ಕ ಅವನ ಪರವಾಗಿತ್ತು. ಬದಲಿಗೆ ಬಂದ ನಿಕ್ ಆಂಡರ್ಸನ್ ಮೇಲೆ ಮೊದಲ ಬ್ಯಾಟರೇ ಡಬಲ್ ಹೊಡೆದ. ಡಾಡ್ಜರ್ಸ್ 3-1ರಿಂದ ಗೆದ್ದು ಪ್ರಶಸ್ತಿ ಪಡೆದರು.

ಒಬ್ಬನನ್ನು ಹೆಚ್ಚು ಹೊತ್ತು ಇಟ್ಟದ್ದಕ್ಕೆ ಬೈದ ಬಾಯಿಗಳೇ ಇನ್ನೊಬ್ಬನನ್ನು ಬೇಗ ತೆಗೆದದ್ದಕ್ಕೆ ಬೈದವು. ನನ್ನ ದೃಷ್ಟಿಯಲ್ಲಿ ಕ್ಯಾಶ್‌ನ ತಪ್ಪು ಸ್ನೆಲ್‌ನನ್ನು ತೆಗೆದದ್ದಲ್ಲ. ಆಂಡರ್ಸನ್ ಆ ವೇಳೆಗೆ ತಾನೇ ದಣಿದವನಾಗಿದ್ದ. ಹಿಂದಿನ ಹಲವು ಪಂದ್ಯಗಳಲ್ಲಿ ಸತತವಾಗಿ ರನ್ ಬಿಟ್ಟುಕೊಟ್ಟಿದ್ದ. ಎರಡನೆಯ ಹೆಸರನ್ನು ಬರೆದಿಟ್ಟದ್ದು ಸರಿ, ಆದರೆ ಆ ಹೆಸರನ್ನು ಪ್ರತಿದಿನ ಅಳಿಸಿ ಮತ್ತೆ ಬರೆಯಬೇಕು. ಹೋದ ತಿಂಗಳ ಹಾಜರಿಯನ್ನು ನೋಡಿ ಇಂದು ಪಾಠ ಮಾಡಲಾಗುವುದಿಲ್ಲ.

ಮೂರನೆಯ ಉದಾಹರಣೆಗೆ ಮತ್ತೆ ಆರನ್ ಬೂನ್‌ನನ್ನೇ ಕರೆಯಬೇಕು. 2003ರಲ್ಲಿ ಹೋಮ್ ರನ್ ಹೊಡೆದ ಅದೇ ಬೂನ್ 2024ರಲ್ಲಿ ಯಾಂಕೀಸ್‌ನ ಮ್ಯಾನೇಜರ್ ಆಗಿ ವರ್ಲ್ಡ್ ಸೀರೀಸ್‌ಗೆ ಬಂದ. ಮೊದಲ ಪಂದ್ಯ, ಹತ್ತನೆಯ ಇನಿಂಗ್ಸ್, 3-2 ಮುನ್ನಡೆ, ಇನ್ನು ಎರಡೇ ಔಟ್ ಬೇಕು. ಎದುರಿಗೆ ಶೋಹೆ ಓಟಾನಿ. ಆಗ ಬೂನ್ ಕರೆದದ್ದು ಮೊಣಕೈ ನೋವಿನಿಂದ ಸೆಪ್ಟೆಂಬರ್ 18ರ ನಂತರ ಒಂದೂ ಪಂದ್ಯ ಆಡದ ನೆಸ್ಟರ್ ಕಾರ್ಟೆಸ್‌ನನ್ನು. ತಿಂಗಳಿಡೀ ಚೆನ್ನಾಗಿ ಎಸೆದಿದ್ದ ಟಿಮ್ ಹಿಲ್ ಸಿದ್ಧನಾಗಿದ್ದ. ಕಾರ್ಟೆಸ್‌ನ ಮೊದಲ ಎಸೆತಕ್ಕೆ ಓಟಾನಿ ಕ್ಯಾಚ್ ಕೊಟ್ಟ. ಮುಂದಿನ ಬ್ಯಾಟರ್‌ಗೆ ಬೇಕೆಂದೇ ಬೇಸ್ ಬಿಟ್ಟುಕೊಟ್ಟರು. ಆಮೇಲಿನ ಒಂದೇ ಎಸೆತವನ್ನು ಫ್ರೆಡ್ಡಿ ಫ್ರೀಮನ್ ನಾಲ್ಕು ರನ್‌ಗಳ ಹೋಮ್ ರನ್ ಆಗಿ ಪರಿವರ್ತಿಸಿ ಪಂದ್ಯವನ್ನೇ ಮುಗಿಸಿದ. ಅಂಥ ಹೊಡೆತದಿಂದ ಪಂದ್ಯ ಮುಗಿದದ್ದು ವರ್ಲ್ಡ್ ಸೀರೀಸ್‌ನ ಇತಿಹಾಸದಲ್ಲೇ ಅದು ಮೊದಲು. ಇಪ್ಪತ್ತೊಂದು ವರ್ಷಗಳ ಹಿಂದೆ ಇನ್ನೊಬ್ಬ ಮ್ಯಾನೇಜರನ ನಿರ್ಧಾರದ ಫಲವನ್ನು ಉಂಡವನು, ಈಗ ತನ್ನ ನಿರ್ಧಾರದ ಕಹಿಯನ್ನು ಉಂಡ.

ಇನ್ನು 2025ರ ನಮ್ಮ ಹಾಳೆಗಳು. ಡಾಡ್ಜರ್ಸ್ ಹಿಂದಿನ ವರ್ಷದ ಚಾಂಪಿಯನ್ನರು. ಎದುರಾಳಿ ಟೊರಾಂಟೊ ಬ್ಲೂ ಜೇಸ್, 1993ರ ನಂತರ ಮೊದಲ ಬಾರಿಗೆ ವರ್ಲ್ಡ್ ಸೀರೀಸ್‌ಗೆ ಬಂದಿದ್ದವರು. ಡಾಡ್ಜರ್ಸ್‌ನ ಮೊದಲ ನಾಲ್ವರು ಪಿಚರುಗಳ ಬಗ್ಗೆ ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ಸ್ನೆಲ್ (ಹೌದು, ಅದೇ ಸ್ನೆಲ್, ಈಗ ಈ ತಂಡದಲ್ಲಿ), ಯೋಶಿನೊಬು ಯಮಾಮೊಟೊ, ಟೈಲರ್ ಗ್ಲಾಸ್ನೋ, ಓಟಾನಿ. ಓಟಾನಿಯ ಸಂಗತಿ ಮಾತ್ರ ಗಣಿತದ ಮೇಷ್ಟ್ರಿಗೆ ಹೇಳಿ ಮಾಡಿಸಿದ ಸಮಸ್ಯೆ. ಆತ ಬ್ಯಾಟಿಂಗಿನಲ್ಲೂ ಮೊದಲನೆಯವನು, ಪಿಚರ್ ಕೂಡ. 2022ರಿಂದ ಇರುವ ನಿಯಮದಂತೆ, ಅವನು ಮೊದಲ ಎಸೆತದಿಂದಲೇ ಪಿಚರ್ ಆಗಿ ಆರಂಭಿಸಿದರೆ ಚೆಂಡು ಬಿಟ್ಟ ಮೇಲೂ ಬ್ಯಾಟ್ ಮಾಡುತ್ತ ಉಳಿಯಬಹುದು. ಪಂದ್ಯದ ನಡುವೆ ಬದಲಿ ಪಿಚರ್ ಆಗಿ ಬಂದರೆ ಆ ಅನುಕೂಲವಿಲ್ಲ. ಎಸೆತ ಮುಗಿದ ಮೇಲೆ ಫೀಲ್ಡಿಂಗಿಗೆ ನಿಲ್ಲಬೇಕು, ಇಲ್ಲವೇ ಹೊರಗೆ ಹೋಗಬೇಕು. ಆದ್ದರಿಂದ ಅವನನ್ನು ಕೊನೆಯಲ್ಲಿ ಬಳಸುವ ಆಸೆ ಬಿಟ್ಟು ಆರಂಭದಲ್ಲೇ ಬಳಸಬೇಕೆಂದು ಇಬ್ಬರೂ ಬರೆದಿದ್ದೆವು.

ಜಗಳ ಆದದ್ದು ಟೊರಾಂಟೊದ ಬಗ್ಗೆ. ಮೊದಲ ಪಂದ್ಯಕ್ಕೆ ನಾನು ಅನುಭವಿಯಾದ ಕೆವಿನ್ ಗಾಸ್ಮನ್‌ನ ಹೆಸರು ಬರೆದಿದ್ದೆ. ಮೊಮ್ಮಗ ಬರೆದದ್ದು ಟ್ರೇ ಯೆಸಾವೇಜ್, ಇಪ್ಪತ್ತೆರಡರ ಹುಡುಗ, ದೊಡ್ಡ ಮಟ್ಟದಲ್ಲಿ ಮೊದಲ ಪಂದ್ಯ ಆಡಿದ್ದೇ ಆ ಸೆಪ್ಟೆಂಬರ್‌ನಲ್ಲಿ. "ಕೂಸಿನ ಕೈಗೆ ಮನೆಯ ಬೀಗದ ಕೈ ಕೊಡುತ್ತೀಯಲ್ಲೋ" ಎಂದೆ. "ಅವನ ಎಸೆತವನ್ನು ಅವರು ಯಾರೂ ನೋಡಿಯೇ ಇಲ್ಲ ಅಜ್ಜ, ಅದೇ ಅವನ ಬಲ" ಎಂದ. ಮ್ಯಾನೇಜರ್ ಜಾನ್ ಷ್ನೈಡರ್ ಮೊಮ್ಮಗನ ಪಕ್ಷ ವಹಿಸಿದ. ಹುಡುಗ ಮೊದಲ ಪಂದ್ಯವನ್ನು ಹದವಾಗಿ ಆರಂಭಿಸಿಕೊಟ್ಟ. ಐದನೆಯ ಪಂದ್ಯದಲ್ಲಿ ಹನ್ನೆರಡು ಜನರನ್ನು ಸ್ಟ್ರೈಕ್ ಔಟ್ ಮಾಡಿದ. ವಯಸ್ಸಾದವರಿಗೆ ಅನುಭವದ ಮೇಲೆ ಮೋಹ ಹೆಚ್ಚು, ಒಪ್ಪಿಕೊಳ್ಳುತ್ತೇನೆ. ಆದರೂ ಏಳನೆಯ ಪಂದ್ಯವನ್ನು ಅದೇ ಷ್ನೈಡರ್ ನಲವತ್ತೊಂದರ ಮ್ಯಾಕ್ಸ್ ಷರ್ಜರ್ ಕೈಗೆ ಕೊಟ್ಟು, ಅವನೂ ಚೆನ್ನಾಗಿಯೇ ಎಸೆದಾಗ ನನಗೆ ಒಳಗೊಳಗೇ ಸಮಾಧಾನವಾಯಿತು.

ಎರಡನೆಯ ಜಗಳ ಬೋ ಬಿಷೆಟ್ ಕುರಿತು. ಮೊಣಕಾಲಿನ ಗಾಯದಿಂದ ಸೆಪ್ಟೆಂಬರ್ ಮೊದಲ ವಾರದಿಂದ ಆಡಿರದ ಒಳ್ಳೆಯ ಬ್ಯಾಟರ್. ಆಡಿಸುವುದಾದರೆ ಅವನಿಗೆ ರೂಢಿಯಿಲ್ಲದ ಎರಡನೆಯ ಬೇಸ್‌ನಲ್ಲಿ ನಿಲ್ಲಿಸಬೇಕು. ಮೊಮ್ಮಗ ಅವನನ್ನು ಸೇರಿಸಿದ್ದ, ನಾನು ಕಡ್ಡಾಯವಾಗಿ ಬಿಟ್ಟಿದ್ದೆ. "ನೋವಿರುವವನನ್ನು ಆಡಿಸಬಾರದು" ಎಂಬುದು ನನ್ನ ಹಾಳೆಯಲ್ಲಿ ಪ್ರತಿ ವರ್ಷ ಇರುವ ಟಿಪ್ಪಣಿ. ಬಿಷೆಟ್ ಆಡಿದ. ಏಳನೆಯ ಪಂದ್ಯದಲ್ಲಿ, ಕೇವಲ ಮೂರು ದಿನಗಳ ವಿಶ್ರಾಂತಿಯ ಮೇಲೆ ಎಸೆಯುತ್ತಿದ್ದ ಓಟಾನಿಯ ಚೆಂಡನ್ನು ಮೂರು ರನ್‌ಗಳ ಹೋಮ್ ರನ್ ಹೊಡೆದ. ಮೊಮ್ಮಗ ಫೋನಿನಲ್ಲಿ ನಗುತ್ತಿದ್ದ. ಆ ನಗುವಿಗೆ ಉತ್ತರ ಕೊಡಬೇಕಾದರೆ ನಾನು 1986ಕ್ಕೆ ಹೋಗಬೇಕು.

ನಮ್ಮ ಶಾಲೆಯಲ್ಲಿ ಆಗ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇತ್ತು. ಕ್ರಿಕೆಟ್ ಬಲ್ಲ ಗಣಿತದ ಮೇಷ್ಟ್ರೆಂದು ತಂಡವನ್ನು ತಾಲ್ಲೂಕು ಪಂದ್ಯಾವಳಿಗೆ ಕರೆದೊಯ್ಯುವ ಭಾರ ನನ್ನ ಮೇಲೆ ಬಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದ. ಗದ್ದೆ ಬದುವಿನ ಮೇಲೆ ಓಡಿ ಬೆಳೆದ ಕಾಲು, ಬಡಗಿಯ ಮಗನ ತೋಳು. ಅವನ ವೇಗಕ್ಕೆ ಎದುರು ಶಾಲೆಯ ಹುಡುಗರು ಕಾಲು ತೆಗೆಯುತ್ತಿದ್ದರು. ಮೂವತ್ತು ಓವರುಗಳ ಪಂದ್ಯ. ಒಬ್ಬನಿಗೆ ಇಂತಿಷ್ಟೇ ಓವರು ಎಂಬ ಮಿತಿ ಇರಲಿಲ್ಲ. ಸೆಮಿಫೈನಲಿನಲ್ಲಿ ಅವನು ಹನ್ನೆರಡು ಓವರು ಎಸೆದ. ಮರುದಿನ ಬೆಳಿಗ್ಗೆಯೇ ಫೈನಲ್. ಒಂದು ತುದಿಯಿಂದ ಹದಿನೈದು ಓವರುಗಳನ್ನೂ ಅವನೇ ಎಸೆದ, ಅಂದರೆ ನಾನು ಎಸೆಸಿದೆ. ಹತ್ತನೆಯ ಓವರಿನ ನಂತರ ಅವನು ಎಡಗೈಯಿಂದ ಬಲಭುಜವನ್ನು ಹಿಡಿದುಕೊಂಡು ನಿಂತದ್ದನ್ನು ಕಂಡೆ. ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ "ಆಗುತ್ತೇನೋ?" ಎಂದು ಕೇಳಿದೆ.

"ಆಗತ್ತೆ ಸಾರ್" ಎಂದ.

ಒಂಬತ್ತು ರನ್ನುಗಳಿಂದ ಗೆದ್ದೆವು. ಶೀಲ್ಡನ್ನು ಬಸ್ಸಿನ ಮುಂದಿನ ಗಾಜಿಗೆ ಆನಿಸಿ ಊರಿಗೆ ಬಂದೆವು. ಮರುವಾರ ಆ ಹುಡುಗ ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸಲು ಬಂದಾಗ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಲಾಗದೆ ಹಲಗೆಯ ಕೆಳಭಾಗದಲ್ಲೇ ಬರೆದ. ಇಡೀ ತರಗತಿ ಅದನ್ನು ತಮಾಷೆಯೆಂದು ತಿಳಿದು ನಕ್ಕಿತು. ನಾನು ನಗಲಿಲ್ಲ, ಆದರೆ ಏನೂ ಹೇಳಲೂ ಇಲ್ಲ. ಕಾಲೇಜಿಗೆ ಹೋದ ಮೇಲೆ ಅವನು ಮತ್ತೆ ಚೆಂಡು ಹಿಡಿಯಲಿಲ್ಲವೆಂದು ತಿಳಿಯಿತು.

ಆ ಫೈನಲ್‌ನಲ್ಲಿ ಇನ್ನೊಬ್ಬ ಹುಡುಗನಿದ್ದ. ಆಫ್ ಸ್ಪಿನ್ ಎಸೆಯುತ್ತಿದ್ದವನು. ತಿಂಗಳಿಡೀ ಸಂಜೆ ತೆಂಗಿನ ನಾರಿನ ಮ್ಯಾಟಿನ ಮೇಲೆ ಅಭ್ಯಾಸ ಮಾಡಿದ್ದ, ಹನ್ನೊಂದರಲ್ಲಿ ಅವನ ಹೆಸರೂ ಇತ್ತು. ಫೈನಲಿನಲ್ಲಿ ಅವನಿಗೆ ಒಂದೇ ಒಂದು ಓವರು ಕೊಡಲಿಲ್ಲ. ಪ್ರತಿ ಓವರಿನ ಕೊನೆಗೆ ಅವನು ನನ್ನತ್ತ ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿಂತಿರುಗುವಾಗ ಸ್ಟಂಪು, ಪ್ಯಾಡುಗಳ ಚೀಲವನ್ನು ಹೊತ್ತು ತಂದವನು ಅವನೇ. ಭುಜ ಕೆಡಿಸಿಕೊಂಡವನ ನೋವು ನನಗೆ ಬೇಗ ಅರ್ಥವಾಯಿತು. ಚೆಂಡೇ ಸಿಗದವನಿಗೂ ನಾನು ಅನ್ಯಾಯ ಮಾಡಿದ್ದೆ, ಅದೇ ಒಂದು ನಿರ್ಧಾರದಿಂದ ಇಬ್ಬರಿಗೂ ಮಾಡಿದ್ದೆ ಎಂಬುದು ಅರ್ಥವಾಗಲು ಬಹಳ ವರ್ಷ ಹಿಡಿಯಿತು. 2003ರಲ್ಲಿ ಗ್ರೇಡಿ ಲಿಟಲ್ ಪೆಡ್ರೊನ ಮುಂದೆ ನಿಂತದ್ದನ್ನು ನೋಡಿದಾಗ ನನಗೆ ಕೇಳಿಸಿದ್ದು "ಆಗತ್ತೆ ಸಾರ್" ಎಂಬ ಮಾತು.

ಇದಕ್ಕೆ ಮೊಮ್ಮಗನ ಬಳಿ ಪ್ರಬಲವಾದ ಪ್ರತಿವಾದವಿದೆ. ನ್ಯಾಯವಾಗಿ ಅದನ್ನೂ ಹೇಳಬೇಕು. 2025ರ ಆರನೆಯ ಪಂದ್ಯದಲ್ಲಿ, ಅಕ್ಟೋಬರ್ 31ರಂದು, ಯಮಾಮೊಟೊ ಆರು ಇನಿಂಗ್ಸ್‌ಗಳಲ್ಲಿ 96 ಎಸೆತ ಎಸೆದು ತಂಡವನ್ನು ಉಳಿಸಿದ. ಮಾರನೆಯ ದಿನವೇ ಏಳನೆಯ ಪಂದ್ಯ. ನಮ್ಮಲ್ಲಿ ನವೆಂಬರ್ 2ರ ಮುಂಜಾನೆ. ಐದೂವರೆಗೆ ಕಾಫಿ ಲೋಟ ಹಿಡಿದು ಕುಳಿತವನು ಎದ್ದದ್ದು ಬಿಸಿಲೇರಿದ ಮೇಲೆ. ಒಂಬತ್ತನೆಯ ಇನಿಂಗ್ಸ್‌ನಲ್ಲಿ 4-4 ಸಮ, ಟೊರಾಂಟೊದ ಇಬ್ಬರು ಬೇಸ್‌ಗಳ ಮೇಲೆ. ಮ್ಯಾನೇಜರ್ ಡೇವ್ ರಾಬರ್ಟ್ಸ್ ಯಾರನ್ನು ಕರೆದ ಬಲ್ಲಿರಾ? ಹಿಂದಿನ ರಾತ್ರಿಯ ಯಮಾಮೊಟೊನನ್ನೇ. ಆತ ಮತ್ತೆ 34 ಎಸೆತ ಎಸೆದು, ಹನ್ನೊಂದನೆಯ ಇನಿಂಗ್ಸ್‌ವರೆಗೆ ಒಂದೂ ರನ್ ಕೊಡದೆ 5-4ರಿಂದ ಗೆಲ್ಲಿಸಿ, ಸರಣಿಯ ಶ್ರೇಷ್ಠ ಆಟಗಾರನಾದ.

"ಈಗೇನಂತೀಯ ಅಜ್ಜ?" ಎಂದ ಮೊಮ್ಮಗ.

ಅಂದು ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಪೆಡ್ರೊ, ಯಮಾಮೊಟೊ, ನನ್ನ ಹುಡುಗ, ಮೂವರೂ ಕೊಟ್ಟ ಉತ್ತರ ಒಂದೇ: ಆಗುತ್ತದೆ. ಆಗುವುದಿಲ್ಲ ಎನ್ನುವ ಎಸೆತಗಾರ ಆ ದಿಬ್ಬದವರೆಗೆ ಬರುವುದೇ ಇಲ್ಲ. ಆದ್ದರಿಂದ ಆ ಪ್ರಶ್ನೆಯಿಂದ ಕೇಳುವವನ ಹೊಣೆ ಕಳೆಯುವುದಿಲ್ಲ. ಇಷ್ಟಾದರೂ ಯಮಾಮೊಟೊ ಇಪ್ಪತ್ತೇಳರ ವೃತ್ತಿಪರ. ತನ್ನ ತೋಳಿನ ಬೆಲೆ, ಅಪಾಯ ಎರಡನ್ನೂ ಬಲ್ಲವನು. ಬೇಡ ಎನ್ನುವ ಹಕ್ಕು ಅವನಿಗಿತ್ತು. ಹದಿನೈದರ ಹುಡುಗನಿಗೆ ತನ್ನ ಮೇಷ್ಟ್ರ ಮುಂದೆ ಆ ಹಕ್ಕು ಎಲ್ಲಿತ್ತು? ವೃತ್ತಿಪರರಿಗೂ ಲೆಕ್ಕ ತಪ್ಪುವುದಿಲ್ಲವೆಂದಲ್ಲ. 1965ರಲ್ಲಿ ಇದೇ ಡಾಡ್ಜರ್ಸ್‌ನ ಸ್ಯಾಂಡಿ ಕೋಫ್ಯಾಕ್ಸ್ ಎರಡೇ ದಿನಗಳ ವಿಶ್ರಾಂತಿಯ ಮೇಲೆ ಏಳನೆಯ ಪಂದ್ಯವನ್ನು ಪೂರ್ತಿಯಾಗಿ ಎಸೆದು, ಒಂದೂ ರನ್ ಕೊಡದೆ ಗೆಲ್ಲಿಸಿದ. ಮರುವರ್ಷ, ಮೊಣಕೈಯ ಸಂಧಿವಾತದಿಂದ, ಮೂವತ್ತನೆಯ ವಯಸ್ಸಿನಲ್ಲಿ ನಿವೃತ್ತನಾದ. ಮೊದಲನೆಯ ಸಂಗತಿಯನ್ನು ಹೇಳುವವರು ಎರಡನೆಯದನ್ನೂ ಹೇಳಬೇಕು.

ಮೊಮ್ಮಗನಿಗೆ ನಾನು ಇನ್ನೊಂದನ್ನೂ ನೆನಪಿಸಿದೆ. ಯಮಾಮೊಟೊಗೆ ಆ ಏಳನೆಯ ಪಂದ್ಯ ದಕ್ಕಿದ್ದು ಯಾರಿಂದ? ಅದೇ ಸರಣಿಯ ಮೂರನೆಯ ಪಂದ್ಯ ಹದಿನೆಂಟು ಇನಿಂಗ್ಸ್‌ವರೆಗೆ ಬೆಳೆಯಿತು. ಡಾಡ್ಜರ್ಸ್‌ನ ಬುಲ್‌ಪೆನ್‌ನಲ್ಲಿ ಕೊನೆಗೆ ಉಳಿದದ್ದು ವಿಲ್ ಕ್ಲೈನ್ ಎಂಬ, ಬಹಳ ಜನ ಹೆಸರೇ ಕೇಳಿರದ ಪಿಚರ್ ಒಬ್ಬನೇ. ಅವನು ನಾಲ್ಕು ಇನಿಂಗ್ಸ್‌ಗಳಲ್ಲಿ 72 ಎಸೆತ ಎಸೆದು ಒಂದೂ ರನ್ ಕೊಡಲಿಲ್ಲ. ಎರಡು ದಿನ ಹಿಂದಷ್ಟೇ ಇಡೀ ಪಂದ್ಯ ಎಸೆದಿದ್ದ ಯಮಾಮೊಟೊ ಅಂದೂ ಎದ್ದು ತೋಳು ಬಿಸಿಮಾಡಿಕೊಳ್ಳುತ್ತಿದ್ದ. ಫ್ರೀಮನ್‌ನ ಹೋಮ್ ರನ್‌ನಿಂದ ಪಂದ್ಯ ಮುಗಿದದ್ದರಿಂದ ಬರಬೇಕಾಗಲಿಲ್ಲ. ಕ್ಲೈನ್ ಅಂದು ಆ ಭಾರ ಹೊರದಿದ್ದರೆ ಶುಕ್ರವಾರ, ಶನಿವಾರಗಳ ಯಮಾಮೊಟೊ ಇರುತ್ತಿದ್ದನೇ?

ಬ್ಯಾಟಿಂಗಿನ ಹಾಳೆಯೂ ಇದೇ ಪಾಠ ಹೇಳಿತು. ಆ್ಯಂಡಿ ಪಾಹೆಸ್ ರನ್ ಗಳಿಸುತ್ತಿಲ್ಲವೆಂದು ರಾಬರ್ಟ್ಸ್ ಅವನನ್ನು ಕೈಬಿಟ್ಟು, ಕೊನೆಯ ಎರಡು ಪಂದ್ಯಗಳಿಗೆ ಮಿಗೆಲ್ ರೋಹಾಸ್ ಎಂಬ ಮೂವತ್ತಾರರ ಬದಲಿ ಆಟಗಾರನನ್ನು ಸೇರಿಸಿಕೊಂಡ. ರೋಹಾಸ್ ಹೋಮ್ ರನ್‌ಗಳಿಗೆ ಹೆಸರಾದವನಲ್ಲ. ಏಳನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ, ಸೋಲಿಗೆ ಎರಡು ಔಟ್ ಬಾಕಿ ಇರುವಾಗ, ಹೋಮ್ ರನ್ ಹೊಡೆದು ಪಂದ್ಯ ಸಮಗೊಳಿಸಿದವನು ಅವನೇ. ಕೆಲವೇ ನಿಮಿಷಗಳ ಬಳಿಕ, ಕೇವಲ ಫೀಲ್ಡಿಂಗಿಗೆಂದು ಒಳಗೆ ಕರೆಸಿಕೊಂಡ ಪಾಹೆಸ್ ಓಡಿ ಬಂದು ಜೊತೆಗಾರನ ಮೈಮೇಲೆ ಬೀಳುತ್ತ ಹಿಡಿದ ಕ್ಯಾಚು ಪಂದ್ಯವನ್ನು ಉಳಿಸಿತು. ಕೈಬಿಟ್ಟವನನ್ನೂ ಮರೆಯದ ಮ್ಯಾನೇಜರನಿಗೆ ದಕ್ಕಿದ ಗೆಲುವು ಅದು. ನನ್ನ ಆಫ್ ಸ್ಪಿನ್ನರ್ ಅಂಥದೊಂದು ಕರೆಗಾಗಿ ಹದಿನೈದು ಓವರು ಕಾದಿದ್ದ.

ಬಿಷೆಟ್‌ನ ವಿಷಯದಲ್ಲಿ ನನ್ನ ಹಾಳೆ ಸೋತಿತೆಂದು ಮೊಮ್ಮಗ ಹೇಳುತ್ತಾನೆ. ಸೋತಿರಬಹುದು. ಗೆದ್ದ ನಿರ್ಧಾರವೆಲ್ಲ ಸರಿಯಾದ ನಿರ್ಧಾರವಲ್ಲ. ಹಾಗಿದ್ದರೆ 1986ರ ನನ್ನ ನಿರ್ಧಾರದಷ್ಟು ಸರಿಯಾದದ್ದು ಇನ್ನೊಂದಿಲ್ಲ, ಒಂಬತ್ತು ರನ್ನುಗಳ ಸಾಕ್ಷಿಯಿದೆ. ಲೆಕ್ಕದಲ್ಲಿ ಉತ್ತರ ತಾಳೆಯಾದರೂ ಹಂತಗಳು ತಪ್ಪಿದ್ದರೆ ನಾನು ಅಂಕ ಕೊಡುತ್ತಿರಲಿಲ್ಲವೆಂದು ನಿಮ್ಮಲ್ಲಿ ಹಲವರಿಗೆ ಇನ್ನೂ ಸಿಟ್ಟಿದೆ. ಆ ನಿಯಮ ನನಗೂ ಅನ್ವಯಿಸುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಆ ವೇಗದ ಬೌಲರ್ ಸಿಕ್ಕಿದ್ದ. ಈಗ ತಲೆ ನರೆತಿದೆ. ಕಾಲಿಗೆ ನಮಸ್ಕರಿಸಿ, ನನ್ನ ಕೈಚೀಲವನ್ನು ತೆಗೆದುಕೊಂಡು ಮೇಲಿನ ಕಂಬಿಗೆ ಇಟ್ಟ, ಎಡಗೈಯಿಂದ. "ಆ ಶೀಲ್ಡ್ ಇನ್ನೂ ಶಾಲೇಲಿದೆಯಾ ಸಾರ್?" ಎಂದು ಕೇಳಿದ. ಇದೆ ಎಂದೆ. ಭುಜ ಹೇಗಿದೆ ಎಂದು ಕೇಳಲು ನನ್ನಿಂದ ಆಗಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ಚೀಲ ಹೊತ್ತು ತಂದವನು ಈ ಪುಟಗಳನ್ನು ಓದುತ್ತಾನೆಂದು ಬಲ್ಲೆ. ಅವನಿಗೆ ನಾನು ಕನಿಷ್ಠ ಐದು ಓವರುಗಳ ಸಾಲಗಾರ.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ಮಕ್ಕಳನ್ನು ಪಂದ್ಯಗಳಿಗೆ ಕರೆದೊಯ್ಯುತ್ತೀರಿ. ಹೊರಡುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಂಡು ಅದನ್ನು ಕೆಳಗಿನಿಂದ ಬರೆಯಲು ಆರಂಭಿಸಿ. ನಿಮ್ಮ ಅತ್ಯುತ್ತಮ ಆಟಗಾರ ಎಷ್ಟು ಓವರುಗಳ ನಂತರ ನಿಲ್ಲಬೇಕು, ಆಗ ಚೆಂಡು ಯಾರ ಕೈಗೆ ಹೋಗಬೇಕು ಎಂಬುದನ್ನು ಮೊದಲು ಬರೆಯಿರಿ. ಆ ಎರಡನೆಯ ಹುಡುಗನಿಗೆ ಅದನ್ನು ಅಂದೇ ತಿಳಿಸಿ. ಅವನು ರಾತ್ರಿ ನಿದ್ದೆಗೆಡಬಹುದು. ಕೆಡಲಿ, ಅದು ಒಳ್ಳೆಯ ನಿದ್ದೆಗೇಡು.